ಮಗರಪಟ್ಟಾದ ಕಬ್ಬಿನ ಗದ್ದೆ, ನಮ್ಮೂರಿನ ಪಹಣಿ

ಡಿಜಿಟಲ್ ಆರ್ಥಿಕತೆಯಿಂದ ಕೃಷಿಯ ಇಳುವರಿ ಹೆಚ್ಚುತ್ತಾ ಅಂತ ಕೇಳುವವರು ಸಾಮಾನ್ಯವಾಗಿ ಡ್ರೋನ್, ಆ್ಯಪ್ ಬಗ್ಗೆ ಮಾತಾಡ್ತಾರೆ. ನಾನು ಜಮೀನಿನಿಂದ ಶುರು ಮಾಡ್ತೀನಿ.

ನಮ್ಮಲ್ಲಿ ಎಷ್ಟೋ ಜನ ಲಾಗಿನ್ ಆಗುವ ಮಗರಪಟ್ಟಾ ಹಿಂದೆ ಹೊಲವಾಗಿತ್ತು. ಖಡಕ್‌ವಾಸ್ಲಾ ಕಾಲುವೆಯ ನೀರು ಹರಿಯುವ ಹಡಪಸರದ ಸೀಮೆ, ಕಬ್ಬು ಬೆಳೆಯೋ ನೆಲ. 1982ರ ಕರಡು ಯೋಜನೆ ಇದನ್ನು ಮುಂದೆ ನಗರವಾಗಬೇಕಾದ ಜಾಗ ಅಂತ ಗುರುತಿಸಿತು. ಸ್ವಾಧೀನವಾಗುತ್ತೋ, ಬಿಲ್ಡರ್ ತುಂಡು ತುಂಡಾಗಿ ಕೊಳ್ತಾನೋ ಅನ್ನೋ ಭಯ. ಸತೀಶ್ ಮಗರ್ ಮುಂದಾಳತ್ವದಲ್ಲಿ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಹೆಚ್ಚು ಭೂಮಿ ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿದವು. ಜಮೀನು ಎಷ್ಟೋ ಷೇರು ಅಷ್ಟು. 2000ದ ಹೊತ್ತಿಗೆ ಕೆಲಸ ಶುರುವಾಯ್ತು, ಐಟಿ ಬಾಡಿಗೆ ಬಂತು.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ನೆನಪಿಸಿಕೊಳ್ಳಿ: 1978, ಸರ್ಕಾರದ ಕಿಯೋನಿಕ್ಸ್, 332 ಎಕರೆ. ಅಲ್ಲಿನ ಹಳ್ಳಿಗಳ ರೈತರು ಷೇರುದಾರರಾಗಲಿಲ್ಲ. ಹಾಗಾಗಿ ಮಗರಪಟ್ಟಾ ಮಾದರಿ ನನಗೆ ಮೆಚ್ಚುಗೆಯೇ. ಆದರೆ ಕೃಷಿಯ ಲೆಕ್ಕದಲ್ಲಿ ಅಲ್ಲಿನ ಇಳುವರಿ ಸೊನ್ನೆ. ಹೋಗಿದ್ದೂ ಬರಡು ನೆಲವಲ್ಲ, ನೀರಾವರಿ ಭೂಮಿ. ಷೇರು ಸಾತ್‌ಬಾರಾ ಉತಾರೆಯ ಪ್ರಕಾರ ಸಿಕ್ಕಿತು. ಕಬ್ಬು ಕಡಿಯೋ ಕೂಲಿಯವರ ಹೆಸರು ಆ ಕಾಗದದಲ್ಲಿ ಇರೋದೇ ಇಲ್ಲ.

ಈ ಕಾಗದದ ಕಥೆ ನಮ್ಮಲ್ಲೂ ಇದೆ. 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 2001ರ ಸುಮಾರಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರಿಂಟು! ಅದಕ್ಕೂ ಮುಂಚೆ ಗ್ರಾಮ ಲೆಕ್ಕಿಗರ ಹಿಂದೆ ಅಲೆದವರಿಗೇ ಗೊತ್ತು ಇದರ ಬೆಲೆ. ಪಹಣಿ ಬೇಗ ಸಿಕ್ಕರೆ ಬೆಳೆಸಾಲ ಬೇಗ, ಬಿತ್ತನೆಗೆ ಮುಂಚೆಯೇ ಬೀಜ ಗೊಬ್ಬರ. ಇಳುವರಿಗೆ ನಿಜವಾದ ಸಹಾಯ ಇದು. ಅದೇ ದಾಖಲೆ ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೂ ದಾರಿ ಸುಲಭ ಮಾಡಿತು ಅಂತ ಸಾಲೊಮನ್ ಬೆಂಜಮಿನ್ ಮತ್ತವರ ಜೊತೆಗಾರರು 2007ರಲ್ಲೇ ಬರೆದರು.

ನಮ್ಮಲ್ಲಿ ಹಲವರ ಹೆಸರಲ್ಲಿ ಊರಲ್ಲಿ ಒಂದಷ್ಟು ಜಮೀನು ಇರುತ್ತೆ, ಉಳೋದು ಬೇರೆಯವರು. ಸಾಲ, ಪರಿಹಾರ ಎಲ್ಲ ಹುಡುಕೋದು ಮೊದಲು ಮಾಲೀಕನ ಹೆಸರನ್ನೇ. ಈ ವಾರ ಊರಿನ ಪಹಣಿ ಆನ್‌ಲೈನಲ್ಲಿ ತೆಗೆದು ನೋಡಿ. ಕಾಲಂ 9ರಲ್ಲಿ ಮಾಲೀಕರು, 12ರಲ್ಲಿ ಸಾಗುವಳಿದಾರರು. 12ರಲ್ಲಿ ಯಾರ ಹೆಸರಿದೆ, ಹೊಲದಲ್ಲಿ ಯಾರಿದ್ದಾರೆ, ಕಾಮೆಂಟಲ್ಲಿ ಬರೀರಿ.