ಬೀಗದೊಳಗಿನ ಚರಿತ್ರೆ

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂತ್ರಾಂಶ ಕ್ಷೇತ್ರದಲ್ಲಿದ್ದೀರಿ. ‘ಗಿಟ್’ ನಿಮ್ಮ ನಿತ್ಯದ ಉಪಕರಣ. ಅದರ ಹುಟ್ಟಿನ ಹಿಂದೆ ಚರಿತ್ರೆಯನ್ನು ನೋಡುವ ಹಕ್ಕಿನ ಜಗಳವೊಂದಿದೆಯೆಂಬುದು ನಿಮ್ಮಲ್ಲಿ ಕಿರಿಯರಿಗೆ ತಿಳಿದಿರಲಾರದು.

ಈ ಕ್ಷೇತ್ರದಲ್ಲಿಲ್ಲದ ಬಂಧುಗಳಿಗಾಗಿ ಒಂದು ಮಾತು: ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರೆಂಬ ದಾಖಲೆಯನ್ನು ಇಂಥ ತಂತ್ರಾಂಶಗಳು ಇಟ್ಟುಕೊಳ್ಳುತ್ತವೆ. ಲೆಕ್ಕಕ್ಕೆ ಉತ್ತರವೊಂದನ್ನೇ ಬರೆದು ಹಂತಗಳನ್ನು ಬಿಟ್ಟವರಿಗೆ ನಾನು ಪೂರ್ಣಾಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬೇಕು. ಇಲ್ಲಿಯೂ ಬೆಲೆಯಿರುವುದು ಹಂತಗಳಿಗೇ.

2002ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಕರ್ನಲ್‌ನ ಕೆಲಸಕ್ಕೆ ‘ಬಿಟ್‌ಕೀಪರ್’ ಎಂಬ ಖಾಸಗಿ ತಂತ್ರಾಂಶವನ್ನು ಆರಿಸಿಕೊಂಡರು. ಅದು ಲ್ಯಾರಿ ಮೆಕ್‌ವಾಯ್ ಅವರ ಬಿಟ್‌ಮೂವರ್ ಕಂಪನಿಯದು. ಉಚಿತ ಬಳಕೆಗೆ ಷರತ್ತುಗಳಿದ್ದವು. ಪ್ರತಿಸ್ಪರ್ಧಿ ತಂತ್ರಾಂಶವನ್ನು ರೂಪಿಸುವವರು ಅದನ್ನು ಮುಟ್ಟುವಂತಿರಲಿಲ್ಲ. ಷರತ್ತನ್ನೊಪ್ಪದವರಿಗೂ ಕರ್ನಲ್‌ನ ಸೋರ್ಸ್ ಕೋಡ್ ಎಂದಿನಂತೆ ದೊರೆಯುತ್ತಿತ್ತು. ಆದರೆ ಅದು ಹೇಗೆ ರೂಪುಗೊಂಡಿತೆಂಬ ಕಥೆ ಮಾತ್ರ ಬೀಗದೊಳಗಿತ್ತು. ಎಲ್ಲರೂ ಕೂಡಿ ಬರೆದ ಕೃತಿಯ ಚರಿತ್ರೆ ಕೆಲವರಿಗಷ್ಟೇ ತೆರೆದಿರುವುದು ನ್ಯಾಯವೇ?

ಆಕ್ಷೇಪಗಳು ಹೆಚ್ಚಿದಾಗ, 2003ರಲ್ಲಿ, ಕಂಪನಿಯೇ ಆ ಚರಿತ್ರೆಯನ್ನು ‘ಸಿವಿಎಸ್’ ಎಂಬ ಹಳೆಯ, ಮುಕ್ತ ತಂತ್ರಾಂಶದ ರೂಪಕ್ಕೆ ಇಳಿಸಿ ಹೊರಗಿನವರಿಗೆ ಒದಗಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ ಮೂಲದಲ್ಲಿ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತಿದ್ದ ಚರಿತ್ರೆ ಆ ನಕಲಿನಲ್ಲಿ ಒಂದೇ ಸಾಲಾಗಿ ಚಪ್ಪಟೆಯಾಗಿತ್ತು. ನದಿಯ ಉಪನದಿಗಳನ್ನೆಲ್ಲ ಅಳಿಸಿ ನಕ್ಷೆ ಬರೆದಂತೆ!

ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಡ್ಜೆಲ್ ಆ ಪರವಾನಗಿಯನ್ನು ಒಪ್ಪಿಕೊಂಡವರಲ್ಲ. ಪೂರ್ಣ ಚರಿತ್ರೆಯನ್ನು ಪಡೆಯಬಲ್ಲ ಸಣ್ಣ ಪ್ರೋಗ್ರಾಮೊಂದನ್ನು ಅವರು ಬರೆದರು. ಕಂಪನಿ ಕೆರಳಿ 2005ರ ಏಪ್ರಿಲ್‌ನಲ್ಲಿ ಉಚಿತ ಬಳಕೆಯನ್ನೇ ಹಿಂತೆಗೆದುಕೊಂಡಿತು. ಅದೇ ತಿಂಗಳು ಕ್ಯಾನ್‌ಬೆರಾದ ಸಮ್ಮೇಳನವೊಂದರಲ್ಲಿ ಟ್ರಿಡ್ಜೆಲ್ ತಮ್ಮ ‘ಗುಪ್ತವಿದ್ಯೆ’ಯನ್ನು ಪ್ರದರ್ಶಿಸಿದರು: ಟೆಲ್‌ನೆಟ್ ಮೂಲಕ ಸರ್ವರನ್ನು ತಲುಪಿ ‘ಹೆಲ್ಪ್’ ಎಂದು ಟೈಪ್ ಮಾಡಿದರು. ಅದು ತನಗೆ ಗೊತ್ತಿದ್ದ ಆಜ್ಞೆಗಳ ಪಟ್ಟಿಯನ್ನು ತಾನೇ ಒಪ್ಪಿಸಿತು!

ಟೋರ್ವಾಲ್ಡ್ಸ್ ಅವರಿಗೆ ಟ್ರಿಡ್ಜೆಲ್ ಮೇಲೆ ಸಿಟ್ಟಿತ್ತು. ನನ್ನ ಮನಸ್ಸು ಟ್ರಿಡ್ಜೆಲ್ ಕಡೆಗೇ ವಾಲುತ್ತದೆ. ಅದಿರಲಿ, ಏಪ್ರಿಲ್ 3ರಂದು ಟೋರ್ವಾಲ್ಡ್ಸ್ ಗಿಟ್‌ನ ಕೆಲಸ ಆರಂಭಿಸಿದರು. ಅದನ್ನು ಬಳಸಿ ನಕಲು ಮಾಡಿಕೊಂಡವನಿಗೆ ಕೋಡ್ ಜೊತೆಗೆ ಇಡೀ ಚರಿತ್ರೆಯೂ ದಕ್ಕುತ್ತದೆ. ಆದರೂ ಏಪ್ರಿಲ್ 16ರಂದು ಕರ್ನಲ್ ಗಿಟ್‌ಗೆ ಬಂದದ್ದು ಹಿಂದಿನ ಚರಿತ್ರೆಯಿಲ್ಲದೆ. ಅದನ್ನು ಸೇರಿಸಿದರೆ 3.2 ಜಿಬಿ ಆಗುತ್ತದೆಂದು ಟೋರ್ವಾಲ್ಡ್ಸ್ ಬಿಟ್ಟುಬಿಟ್ಟರು. ಬಿಟ್‌ಕೀಪರ್ ಕಾಲದ ಚರಿತ್ರೆಯನ್ನು ಥಾಮಸ್ ಗ್ಲೈಕ್ಸ್‌ನರ್ ಬಳಿಕ ಗಿಟ್ ರೂಪಕ್ಕೆ ತಂದರು. ಬಿಟ್‌ಕೀಪರ್ ತಾನೂ 2016ರಲ್ಲಿ ಮುಕ್ತ ತಂತ್ರಾಂಶವಾಯಿತು.

2007ರಲ್ಲಿ ಗಿಟ್‌ಗೆ ‘ಬಂಡಲ್’ ಎಂಬ ಸೌಲಭ್ಯ ಸೇರಿತು. ಸರ್ವರಿಗೆ ಪ್ರವೇಶವಿಲ್ಲದವರಿಗೂ ಚರಿತ್ರೆಯನ್ನು ಒಂದೇ ಕಡತವಾಗಿ ಕಟ್ಟಿ, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಬಹುದು. ಪಡೆಯುವವರ ಬಳಿ ಹಳೆಯದೆಲ್ಲ ಇದ್ದರೆ ಹೊಸತನ್ನಷ್ಟೇ ಕಟ್ಟಿದರೆ ಸಾಕು. ಆದರೆ ಹಾಗೆ ಕೊಡುವಾಗ ಎಂದೋ ಅಳಿಸಿದ ಪಾಸ್‌ವರ್ಡೂ ಬರೆದವರ ಇ-ಮೇಲ್ ವಿಳಾಸಗಳೂ ಜೊತೆಯಲ್ಲೇ ಹೋಗುತ್ತವೆ. ಚರಿತ್ರೆಯನ್ನು ಕಿತ್ತುಹಾಕಿ ಇತ್ತೀಚಿನ ಪ್ರತಿಯನ್ನಷ್ಟೇ ಹೊರಗೆ ಕೊಡುವವರು ಇಂದಿಗೂ ಇರುವುದಕ್ಕೆ ಇದೂ ಒಂದು ಕಾರಣ.