ಹಿಂದಿನ ಸಾಲಿನಲ್ಲಿ ನಿಂತವರು

ಸ್ಮರಣ ಸಂಚಿಕೆಗಳಲ್ಲಿ ಸ್ಥಾಪಕರ ಭಾವಚಿತ್ರಕ್ಕೆ ಇಡೀ ಪುಟ ಸಿಗುತ್ತದೆ. ಆಮೇಲೆ ನಡೆಸಿಕೊಂಡು ಬಂದವರು ಗುಂಪು ಫೋಟೊದ ಹಿಂದಿನ ಸಾಲಿನಲ್ಲಿರುತ್ತಾರೆ. ಸ್ಕಾಟ್ಲೆಂಡಿನ ಡಂಡೀ ಊರಿನ ಮಕ್ಕಳ ವಾರಪತ್ರಿಕೆ ‘ಬೀನೊ’ದ ಕಥೆಯನ್ನು ನಾನು ಆ ಹಿಂದಿನ ಸಾಲಿನಿಂದಲೇ ಹೇಳುತ್ತೇನೆ.

ಡಿ.ಸಿ. ಥಾಮ್ಸನ್ ಸಂಸ್ಥೆ 1938ರ ಜುಲೈಯಲ್ಲಿ ಶುರು ಮಾಡಿದ ಪತ್ರಿಕೆ ಅದು. 1954ರಲ್ಲಿ ಲಿಯೊ ಬ್ಯಾಕ್ಸೆಂಡೇಲ್ ಅದರಲ್ಲಿ ಪುಂಡ ಹುಡುಗರ ಒಂದು ತರಗತಿಯನ್ನು ಬಿಡಿಸತೊಡಗಿದರು. ಎರಡು ವರ್ಷದಲ್ಲಿ ಅದಕ್ಕೆ ‘ಬ್ಯಾಷ್ ಸ್ಟ್ರೀಟ್ ಕಿಡ್ಸ್’ ಎಂಬ ಹೆಸರು ನಿಂತಿತು. 1962ರಲ್ಲಿ ಅವರು ಕೆಲಸ ಬಿಟ್ಟು ಹೊರಟರು. ಹುಡುಗರೆಲ್ಲ ಸಂಸ್ಥೆಯ ಬಳಿಯೇ ಉಳಿದರು. ಆ ಪಾತ್ರಗಳ ಹಕ್ಕಿಗಾಗಿ ಬ್ಯಾಕ್ಸೆಂಡೇಲ್ ಮುಂದೆ ಹೂಡಿದ ದಾವೆ 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಅವರು ಬಿಟ್ಟುಹೋದ ತರಗತಿಯನ್ನು 1962ರಲ್ಲೇ ವಹಿಸಿಕೊಂಡವರು ಡೇವಿಡ್ ಸದರ್ಲೆಂಡ್.

ಅದೆಂಥ ಕೆಲಸವೆಂದು ತಿಳಿಯಬೇಕಾದರೆ ಆ ತರಗತಿಯ ವಿಲ್ಫ್ರಿಡ್‌ನನ್ನು ನೋಡಿ. ಅವನ ಸ್ವೆಟರಿನ ಕತ್ತು ಮೂಗಿನ ತನಕ ಏರಿದೆ, ಬಾಯೇ ಕಾಣದು. ನಗು, ಹೆದರಿಕೆ, ಕಿತಾಪತಿ ಎಲ್ಲ ಎರಡು ಕಣ್ಣಲ್ಲೇ ಬರಬೇಕು. ಗೆರೆ ಚೂರು ಆಚೀಚೆ ಆದರೂ ಓದುವ ಮಗುವಿಗೆ ‘ಇವನು ಅವನಲ್ಲ’ ಅನಿಸಿಬಿಡುತ್ತದೆ. ಇನ್ನೊಬ್ಬರ ಕೈಯನ್ನು ತನ್ನ ಕೈಗೆ ಬರಿಸಿಕೊಳ್ಳಬೇಕು, ವಾರ ವಾರವೂ, ಹೆಸರು ಹಾಕದೆ. ಆಗ ಅಲ್ಲಿ ಕಲಾವಿದರು ಸಹಿ ಮಾಡುವ ರೂಢಿ ಇರಲಿಲ್ಲ. ಡಡ್ಲಿ ವಾಟ್ಕಿನ್ಸ್‌ಗೆ ಮಾತ್ರ ವಿನಾಯಿತಿ.

ಆ ವಾಟ್ಕಿನ್ಸ್ 1969ರಲ್ಲಿ ಬಿಡಿಸುವ ಮೇಜಿನಲ್ಲೇ ತೀರಿಕೊಂಡರು. ಅವರ ಚಿತ್ರಕಥೆ ‘ಊರ್ ವುಲ್ಲಿ’ಗೆ ಬೇರೆ ಕೈ ಹಚ್ಚಲು ಸಂಸ್ಥೆಗೆ ಧೈರ್ಯ ಸಾಲದೆ, ಹಳೆಯ ಪುಟಗಳನ್ನೇ ವರ್ಷಗಟ್ಟಲೆ ಮರುಮುದ್ರಿಸಿತು. ಅವರ ‘ಬಿಫೊ’ ಕರಡಿ ಮಾತ್ರ ಸದರ್ಲೆಂಡ್ ಪಾಲಿಗೆ ಬಂತು. ಮರುವರ್ಷ ಡೇವಿಡ್ ಲಾ ಕಾಯಿಲೆ ಬಿದ್ದಾಗ, 1951ರಿಂದ ಅವರು ಬಿಡಿಸುತ್ತಿದ್ದ ‘ಡೆನಿಸ್ ದ ಮೆನೇಸ್’ ಕೂಡ ಇವರ ಹೆಗಲಿಗೇ ಬಿತ್ತು. ಲಾ ಅವರದು ಒರಟು, ಓಡುವ ಗೆರೆ. ಸದರ್ಲೆಂಡ್ ಕೈಯಲ್ಲಿ ಡೆನಿಸ್ ಬರಬರುತ್ತ ದುಂಡಗಾದ. ಅದನ್ನು ಕೊರತೆ ಎನ್ನಲಾರೆ. 1998ರವರೆಗೆ ಬಿಡಿಸಿದವನಿಗೆ ತನ್ನ ಕೈ ಬಚ್ಚಿಟ್ಟುಕೊಳ್ಳಲು ಸಾಧ್ಯವೇ?

ಹೀಗೆ ಬಂದು ನೆಲೆಸಿದವರು ಇವರೊಬ್ಬರೇ ಅಲ್ಲ. ಬ್ಯಾಕ್ಸೆಂಡೇಲರ ಇನ್ನೊಂದು ಕೂಸು ‘ಮಿನ್ನಿ ದ ಮಿಂಕ್ಸ್’ಳನ್ನು ಜಿಮ್ ಪೆಟ್ರಿ 1961ರಿಂದ 2001ರವರೆಗೆ ಸಾಕಿದರು.

ಬ್ಯಾಷ್ ಸ್ಟ್ರೀಟಿನ ಮಕ್ಕಳನ್ನು ಹುಟ್ಟಿಸಿದವರು ಎಂಟು ವರ್ಷ ಬಿಡಿಸಿದರೆ ಬೆಳೆಸಿದವರು ಅರವತ್ತು ವರ್ಷ ಬಿಡಿಸಿದರು. 2023ರ ಹೊಸ ವರ್ಷದ ಗೌರವ ಪಟ್ಟಿಯಲ್ಲಿ ಸದರ್ಲೆಂಡ್‌ಗೆ ‘ಓಬಿಇ’ ಬಂತು. ಅದೇ ಜನವರಿಯಲ್ಲಿ, 89ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.