ಬೆಳದಿಂಗಳ ಶಾಲೆಯಿಂದ ಕಮ್ಯುನಿಟಿ ಕಾಲೇಜಿಗೆ

ಅಮೆರಿಕದ ಕೆಂಟಕಿ ರಾಜ್ಯದ ರೋವನ್ ಕೌಂಟಿ ಗುಡ್ಡಗಾಡಿನ ಸೀಮೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು, ಜಿಲ್ಲೆಗಳ ಹಾಗೆ. ಸುಮಾರು ನೂರಹದಿನೈದು ವರ್ಷಗಳ ಹಿಂದೆ ಅಲ್ಲಿನ ಶಾಲೆಗಳ ಮೇಲ್ವಿಚಾರಕಿಯಾಗಿದ್ದವರು ಕೋರಾ ವಿಲ್ಸನ್ ಸ್ಟುವರ್ಟ್. ಓದು ಬಾರದ ಒಬ್ಬ ತಾಯಿ, ಷಿಕಾಗೋದಲ್ಲಿದ್ದ ಮಗಳ ಪತ್ರ ಬಂದಾಗಲೆಲ್ಲ ಇವರ ಬಳಿ ತಂದು ಓದಿಸಿಕೊಳ್ಳುತ್ತಿದ್ದರು. ಕೆಲಕಾಲದ ನಂತರ ಅದೇ ತಾಯಿ ಬಂದು, ಈಗ ಪತ್ರವನ್ನು ತಾನೇ ಓದಬಲ್ಲೆ ಎಂದರು. ಮಗಳ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ ಸಾಕಾಗಿ ಅವರು ಅಕ್ಷರ ಕಲಿತಿದ್ದರು.

1911ರ ಸೆಪ್ಟೆಂಬರ್ 5ರ ರಾತ್ರಿ ಸ್ಟುವರ್ಟ್ ಕೌಂಟಿಯ ಶಾಲೆಗಳನ್ನು ದೊಡ್ಡವರಿಗಾಗಿ ತೆರೆದರು. ಹಗಲು ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರೇ ರಾತ್ರಿ ಸಂಬಳವಿಲ್ಲದೆ ಕಲಿಸಲು ಒಪ್ಪಿದ್ದರು. ಕಾಡುದಾರಿಯಲ್ಲಿ ನಡೆದು ಬರಬೇಕಾದವರಿಗೆ ಬೆಳಕು ಬೇಕಲ್ಲ! ಅದಕ್ಕೇ ಬೆಳದಿಂಗಳಿರುವ ರಾತ್ರಿಗಳನ್ನು ಆರಿಸಿದರು. ನೂರೈವತ್ತು ಜನ ಬಂದಾರೆಂದು ಎಣಿಸಿದ್ದರೆ, ಬಂದವರು 1,200ಕ್ಕೂ ಹೆಚ್ಚು. ಅವರಲ್ಲಿ 86 ವರ್ಷದವರೂ ಇದ್ದರು.

ಸ್ಟುವರ್ಟ್ ಅವರ ಜಾಣ್ಮೆ ನಮಗೆ ಹೆಚ್ಚಾಗಿ ಕಾಣುವುದು ಪಠ್ಯದ ವಿಷಯದಲ್ಲಿ. ನಡುವಯಸ್ಸಿನ ರೈತನ ಕೈಗೆ ಬೆಕ್ಕು-ನಾಯಿಯ ಚಿತ್ರವಿರುವ ಬಾಲಪಾಠ ಕೊಟ್ಟರೆ ಅವನು ಮರುದಿನ ಬಾರನು. (ಇಶಾ ನಮಾಝಿನ ನಂತರ ಕುರ್‌ಆನ್ ಓದಲು ಕಲಿಯಬಂದ ಹಿರಿಯರು ಮಕ್ಕಳ ಕಾಯಿದಾವನ್ನು ಶಾಲಿನೊಳಗೆ ಮುಚ್ಚಿ ತರುವುದನ್ನು ನಾವೂ ಕಂಡಿದ್ದೇವೆ.) ಆದ್ದರಿಂದ ಅವರು ಒಂದು ಪುಟ್ಟ ಪತ್ರಿಕೆಯನ್ನೇ ಅಚ್ಚು ಹಾಕಿಸಿ, ಅದರಲ್ಲಿ ಊರಿನ ಸುದ್ದಿಗಳನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದರು. ಪತ್ರಿಕೆ ಹಿಡಿದು ಕೂತವನನ್ನು ನೋಡಿ ಯಾರು ನಗುತ್ತಾರೆ? ಹೆಸರು ಬರೆಯುವುದನ್ನು ಅಭ್ಯಾಸ ಮಾಡಲು ಅಕ್ಷರಗಳನ್ನು ಕೊರೆದ ಹಾಳೆಗಳಿದ್ದವು. ಆ ಗೆರೆಯಲ್ಲೇ ಪೆನ್ಸಿಲ್ ಎಳೆದರೆ ಸಾಕು.

1914ರಲ್ಲಿ ಕೆಂಟಕಿ ಸರ್ಕಾರ ಅನಕ್ಷರತೆಯ ವಿರುದ್ಧ ಒಂದು ಆಯೋಗವನ್ನು ನೇಮಿಸಿತು. 1920ರಲ್ಲಿ ಅದು ಮುಗಿದೇಹೋಯಿತು. ಉತ್ಸಾಹಿಗಳ ದುಡಿಮೆಯಿಂದ ಹುಟ್ಟಿದ್ದು ಉಳಿಯಬೇಕಾದರೆ ಖಾಯಂ ಮನೆ, ಖಾಯಂ ಹಣ ಎರಡೂ ಬೇಕು. ಅದಕ್ಕೆ ಬಹಳ ಕಾಲ ಹಿಡಿಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ, ಊರೂರಿನ ಜನರಿಗೆ ಹತ್ತಿರವಿರುವ ಕಮ್ಯುನಿಟಿ ಕಾಲೇಜುಗಳು ವಯಸ್ಕರಿಗೂ ಬಾಗಿಲು ತೆರೆಯಬೇಕೆಂದಿತು. 1964ರ ಬಡತನ ನಿವಾರಣಾ ಕಾಯಿದೆ ಮತ್ತು 1966ರ ವಯಸ್ಕರ ಶಿಕ್ಷಣ ಕಾಯಿದೆಗಳಿಂದ ಕೇಂದ್ರದ ಹಣವೂ ಬಂತು. ಹಲವು ರಾಜ್ಯಗಳಲ್ಲಿ ಈ ಕೆಲಸ ಶಾಲಾ ಮಂಡಳಿಗಳ ಕೈಯಲ್ಲೇ ಇದೆ. ಆದರೆ ನಾರ್ತ್ ಕರೋಲಿನಾದಲ್ಲಿ 58 ಕಮ್ಯುನಿಟಿ ಕಾಲೇಜುಗಳೇ ಅದನ್ನು ನಡೆಸುತ್ತವೆ. ಅಕ್ಷರಾಭ್ಯಾಸಕ್ಕೆ ಬಂದವನೂ ಪದವಿಗೆ ಬಂದವನೂ ಒಂದೇ ಗೇಟಿನಿಂದ ಒಳಗೆ ಹೋಗುತ್ತಾರೆ. ನಾಚುವವರ ಪಾಲಿಗೆ ಅದು ಸಣ್ಣ ಮಾತಲ್ಲ.

ವಾಷಿಂಗ್ಟನ್ ರಾಜ್ಯದ ಕಾಲೇಜುಗಳು 2004ರ ಸುಮಾರಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ‘ಐ-ಬೆಸ್ಟ್’ ಎಂಬ ಆ ಕ್ರಮದಲ್ಲಿ ಒಂದೇ ತರಗತಿಗೆ ಇಬ್ಬರು ಶಿಕ್ಷಕರು. ಒಬ್ಬರು ವೆಲ್ಡಿಂಗ್ ಅಥವಾ ರೋಗಿಗಳ ಶುಶ್ರೂಷೆ ಕಲಿಸಿದರೆ, ಇನ್ನೊಬ್ಬರು ಆ ಕೆಲಸಕ್ಕೆ ಬೇಕಾದ ಓದು, ಭಾಷೆ, ಲೆಕ್ಕ ಹೇಳಿಕೊಡುತ್ತಾರೆ. ಮೊದಲು ಓದು ಕಲಿತು ಬಾ, ಆಮೇಲೆ ಕಸುಬು ಎನ್ನುವುದಿಲ್ಲ. ಮನೆ ನಡೆಸಬೇಕಾದವನು ಅಷ್ಟು ವರ್ಷ ಕಾಯಲಾರ.

ಆದರೆ 2012ರ ಜುಲೈಯಿಂದ, ಹೈಸ್ಕೂಲು ಮುಗಿಸದೆ ಹೊಸದಾಗಿ ಕಾಲೇಜು ಸೇರುವವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ನಿಂತಿತು. ಐ-ಬೆಸ್ಟ್‌ನಂಥ ತರಗತಿಗಳಿಗೆ ಬರುವವರಲ್ಲಿ ಇಂಥವರು ಬಹಳ. ಎರಡು ವರ್ಷಗಳ ಬಳಿಕ ನೆರವು ಮರಳಿತು; ಆದರೆ ಓದಿನ ಜೊತೆಗೇ ಕಸುಬು ಕಲಿಸುವ ತರಗತಿಗೆ ಸೇರಿದವರಿಗೆ ಮಾತ್ರ.